ಬೇರೆಬೇರೆ ಪರೀಕ್ಷಿಸಿದರೆ ಸಾಲದು

ನಿನ್ನ ಎಐ ಏಜೆಂಟುಗಳ ವಿಷಯ ಕೇಳಿ ಸಂತೋಷವಾಯಿತಮ್ಮ. ಒಂದು ದರ ವಿಚಾರಿಸುತ್ತದೆ, ಇನ್ನೊಂದು ಚೌಕಾಸಿ ಮಾಡುತ್ತದೆ, ಮೂರನೆಯದು ಹಣ ಕಟ್ಟುತ್ತದೆ. ಮೂರನ್ನೂ ಬೇರೆಬೇರೆ ಪರೀಕ್ಷಿಸಿದ್ದೀಯ. ಅವು ಒಂದಕ್ಕೊಂದು ಎದುರಾದಾಗ, ಹೊರಗಿನವರ ಏಜೆಂಟುಗಳಿಗೆ ಎದುರಾದಾಗ ಏನು ಮಾಡುತ್ತವೆ ಅಂತ ನೋಡದೆ ಮಾತ್ರ ಬಿಡಬೇಡ.

2011ರ ಏಪ್ರಿಲ್‌ನಲ್ಲಿ ಅಮೆಜಾನ್‌ನಲ್ಲಿ ಪೀಟರ್ ಲಾರೆನ್ಸ್ ಅವರ ‘ದ ಮೇಕಿಂಗ್ ಆಫ್ ಎ ಫ್ಲೈ’ ಪುಸ್ತಕದ ಬೆಲೆ 2 ಕೋಟಿ 36 ಲಕ್ಷ ಡಾಲರ್ ದಾಟಿತು. ಇಬ್ಬರು ಮಾರಾಟಗಾರರು, ಒಬ್ಬರ ಬೆಲೆ ಇನ್ನೊಬ್ಬರದರ 0.9983ರಷ್ಟು, ಇನ್ನೊಬ್ಬರದು ಮೊದಲಿನವರದರ 1.270589ರಷ್ಟು. ಎರಡೂ ಬೆಲೆ ದಿನಾ ತಾವಾಗಿ ಬದಲಾಗುತ್ತಿದ್ದವು. ಬಿಡಿಯಾಗಿ ನೋಡಿದರೆ ಎರಡೂ ಲೆಕ್ಕ ಸರಿಯೇ. ಗುಣಿಸಿ ನೋಡು, ಸುತ್ತಿಗೆ ಶೇ 27ರ ಹತ್ತಿರ ಏರಿಕೆ! ಆ ಬೆಲೆಗೆ ಯಾರೂ ಕೊಳ್ಳುವುದಿಲ್ಲ, ಹಾಗಾಗಿ ನಷ್ಟವಾಗಲಿಲ್ಲ. ನಿನ್ನದು ಹಾಗಲ್ಲ, ಅದು ದುಡ್ಡು ಕೊಟ್ಟೇಬಿಡುತ್ತದೆ.

ಅದಕ್ಕೂ ಒಂದು ವರ್ಷ ಹಿಂದೆ, 2010ರ ಮೇ 6ರಂದು, ಅಮೆರಿಕದ ಷೇರುಪೇಟೆ ಕೆಲವೇ ನಿಮಿಷಗಳಲ್ಲಿ ಕುಸಿಯಿತು. ದೊಡ್ಡದೊಂದು ಫಂಡ್ 410 ಕೋಟಿ ಡಾಲರಿನ ಫ್ಯೂಚರ್ಸ್ ಮಾರಲು ಪ್ರೋಗ್ರಾಮಿಗೆ ಒಪ್ಪಿಸಿತ್ತು. ಪೇಟೆಯಲ್ಲಿ ವಹಿವಾಟು ಹೆಚ್ಚಿದಷ್ಟೂ ಹೆಚ್ಚು ಮಾರು ಎಂಬುದು ಅದಕ್ಕಿದ್ದ ಸೂಚನೆ. ಅತಿವೇಗದ ಟ್ರೇಡಿಂಗ್ ಪ್ರೋಗ್ರಾಮುಗಳು ಅವನ್ನು ಕೊಂಡು ತಮ್ಮತಮ್ಮಲ್ಲೇ ದಾಟಿಸತೊಡಗಿದವು; 14 ಸೆಕೆಂಡಿನಲ್ಲಿ 27,000 ಕಾಂಟ್ರಾಕ್ಟು. ಮಾರುವ ಪ್ರೋಗ್ರಾಮಿಗೆ ಅದೇ ‘ವಹಿವಾಟು’ ಆಗಿ ಕಂಡಿತು, ಇನ್ನಷ್ಟು ಮಾರಿತು. ಆ ಫ್ಯೂಚರ್ಸ್ ಕುಸಿತ ನಿಂತದ್ದು ಷಿಕಾಗೊ ವಿನಿಮಯ ಕೇಂದ್ರದ ವ್ಯವಸ್ಥೆ ವ್ಯಾಪಾರವನ್ನು 5 ಸೆಕೆಂಡು ತಡೆದಾಗ. ಆ ತಡೆ ಯಾವ ಪ್ರೋಗ್ರಾಮಿನ ಒಳಗೂ ಇರಲಿಲ್ಲ, ಎಲ್ಲದರ ಹೊರಗಿತ್ತು. ಈ ಒಂದು ಸಂಗತಿಯನ್ನು ಚೆನ್ನಾಗಿ ಯೋಚಿಸು.

ನಿನ್ನಲ್ಲೂ ಪಾವತಿಯ ಮಿತಿ ಏಜೆಂಟಿಗೆ ಕೊಟ್ಟ ಸೂಚನೆಯಲ್ಲಿ ಇದ್ದರೆ ಸಾಲದು, ಏಜೆಂಟು ಮುಟ್ಟಲಾಗದ ಜಾಗದಲ್ಲಿರಲಿ. ಒಂದು ಏಜೆಂಟಿನ ತಪ್ಪು ಹಿಡಿಯಲು ಅದೇ ಮಾಡೆಲ್ಲಿನ ಇನ್ನೊಂದನ್ನು ಕೂರಿಸಬೇಡ, ಇದರ ಕಣ್ಣಿಗೆ ಬೀಳದ್ದು ಅದರ ಕಣ್ಣಿಗೂ ಬೀಳದೆ ಹೋಗಬಹುದು. ಹೊರಗಿನ ಏಜೆಂಟು ಕಳಿಸಿದ ಸಂದೇಶದಲ್ಲಿ ಅಪ್ಪಣೆ ಅಡಗಿರಬಹುದು. ಅಂಥ ಒಂದು ಕಿಡಿಗೇಡಿ ಏಜೆಂಟನ್ನು ನೀನೇ ಬರೆದು, ನಿನ್ನವುಗಳ ಮಧ್ಯೆ ಬಿಟ್ಟು, ರಾತ್ರಿಯಿಡೀ ಓಡಿಸಿ ನೋಡು. ಯಾರು ಯಾರಿಗೆ ಏನು ಹೇಳಿದರು ಎಂಬುದೆಲ್ಲ ದಾಖಲಾಗಲಿ.

ಇದಕ್ಕೆ ಇನ್ನೆರಡು ವಾರ ಬೇಕೆಂದು ಮ್ಯಾನೇಜರನ್ನು ಧೈರ್ಯವಾಗಿ ಕೇಳಮ್ಮ. ಕೊಡದಿದ್ದರೆ ಹಣ ಕಟ್ಟುವ ಏಜೆಂಟನ್ನು ಈ ಸಲ ಕೈಬಿಡು. ಆ ಕೆಲಸ ಸದ್ಯಕ್ಕೆ ಅಕೌಂಟ್ಸ್‌ನವರೇ ಮಾಡಲಿ.