ಮಸೂರವೂ ಲೆಕ್ಕ ಮಾಡುತ್ತದೆ: ಜಾಲರಿ ಬಟ್ಟೆಯಿಂದ ಒಂದು ಪಾಠ

ತರಗತಿ: 10 (ಮಸೂರದ ಘಟಕದ ನಂತರದ ವಿಸ್ತರಣಾ ಪಾಠ)
ಅವಧಿ: 40 ನಿಮಿಷ

ಉದ್ದೇಶ: ಮಸೂರವೆಂದರೆ ಪ್ರತಿಬಿಂಬ ಮೂಡಿಸುವ ಗಾಜು ಎಂದಷ್ಟೇ ಮಕ್ಕಳು ತಿಳಿದಿರುತ್ತಾರೆ. ಚಿತ್ರದಲ್ಲಿ ಗೆರೆ, ಅಂಚು, ದಿಕ್ಕು ಗುರುತಿಸುವುದು ಕಂಪ್ಯೂಟರಿನ ಕೆಲಸವೆಂಬುದು ಅವರ ನಂಬಿಕೆ. ಬೆಳಕೇ ಆ ಕೆಲಸ ಮಾಡುವುದನ್ನು ಅವರು ಕಣ್ಣಾರೆ ಕಾಣಬೇಕು.

ಸಾಮಗ್ರಿ: ಕೆಂಪು ಲೇಸರ್ ಪಾಯಿಂಟರ್ (650 ನ್ಯಾನೊಮೀಟರ್), 20 ಸೆಂ.ಮೀ. ಸಂಗಮದೂರದ ಪೀನ ಮಸೂರ, ಸ್ಕ್ರೀನ್ ಪ್ರಿಂಟಿಂಗ್ ಜಾಲರಿ ಬಟ್ಟೆ. ರಾಜಾಜಿನಗರ, ವಿಜಯನಗರದ ಕಡೆ ಲಗ್ನಪತ್ರಿಕೆ ಅಚ್ಚು ಹಾಕುವವರನ್ನು ಕೇಳಿ ನೋಡಿ. ಲೇಸರನ್ನು ಸ್ಟ್ಯಾಂಡಿಗೆ ಬಿಗಿದು ಶಿಕ್ಷಕರೇ ನಿರ್ವಹಿಸಬೇಕು. ಕಿರಣ ಯಾರ ಕಣ್ಣಿಗೂ ಬೀಳಬಾರದು.

ಹಂತ 1: ಬಟ್ಟೆಯಿಂದ 4 ಮೀಟರ್ ದೂರದ ಗೋಡೆಯ ಮೇಲೆ ಏನು ಕಾಣಬಹುದೆಂದು ಮೊದಲು ಮಕ್ಕಳಿಂದ ಬರೆಯಿಸಿ. ಹಲವರು ಜಾಲರಿಯ ನೆರಳು ಬರೆಯುತ್ತಾರೆ. ಕಾಣುವುದು ಚುಕ್ಕೆಗಳ ಶಿಲುಬೆ: ಲಂಬ ಎಳೆಗಳಿಂದ ಅಡ್ಡಸಾಲು, ಅಡ್ಡ ಎಳೆಗಳಿಂದ ಲಂಬಸಾಲು. ಬಟ್ಟೆ ತಿರುಗಿಸಿದರೆ ಚುಕ್ಕೆಗಳೂ ತಿರುಗುತ್ತವೆ. ಪಕ್ಕಕ್ಕೆ ಸರಿಸಿದರೆ ಕದಲುವುದಿಲ್ಲ. ಅಂದರೆ ಚುಕ್ಕೆಗಳು ತಿಳಿಸುವುದು ಎಳೆ ಇರುವ ಜಾಗವನ್ನಲ್ಲ. ಎಳೆಗಳ ದಿಕ್ಕು ಮತ್ತು ಅಂತರವನ್ನು. ಇವೇ ಚಿತ್ರದ ಲಕ್ಷಣಗಳು.

ಹಂತ 2: ಎಳೆಗಳ ಅಂತರ = ತರಂಗದೂರ × ಗೋಡೆಯ ದೂರ ÷ ಚುಕ್ಕೆಗಳ ಅಂತರ. ಚುಕ್ಕೆಗಳ ನಡುವೆ 2 ಸೆಂ.ಮೀ. ಇದ್ದರೆ ಎಳೆಗಳ ಅಂತರ 0.13 ಮಿ.ಮೀ.; ಸೆಂಟಿಮೀಟರಿಗೆ ಸುಮಾರು 77 ಎಳೆ. ಬಟ್ಟೆಯ ನಂಬರಿನೊಂದಿಗೆ ಹೋಲಿಸಿ.

ಹಂತ 3: ಬಟ್ಟೆಯಿಂದ 21 ಸೆಂ.ಮೀ. ದೂರದಲ್ಲಿ ಮಸೂರ ಇಡಿ. ಸುಮಾರು 4.2 ಮೀಟರ್ ಆಚೆ ಜಾಲರಿಯ 20 ಪಟ್ಟು ದೊಡ್ಡ ಪ್ರತಿಬಿಂಬ ಮೂಡುತ್ತದೆ. ಮಸೂರದ ಆಚೆ 20 ಸೆಂ.ಮೀ.ನಲ್ಲಿ ಚುಕ್ಕೆಗಳ ಅಂತರ ಸುಮಾರು 1 ಮಿ.ಮೀ. ಅಲ್ಲಿ ಕಿರಿದಾದ ಸೀಳಿನಿಂದ ಅಡ್ಡಸಾಲನ್ನು ಮಾತ್ರ ಬಿಟ್ಟರೆ ಗೋಡೆಯ ಮೇಲೆ ಲಂಬ ಎಳೆಗಳಷ್ಟೇ ಉಳಿಯುತ್ತವೆ. ಬಟ್ಟೆಯನ್ನು ಯಾರೂ ಮುಟ್ಟಿಲ್ಲ!

ಪೂರಕ ಮಾಹಿತಿ: ಅಬ್ಬೆ (1873) ಮತ್ತು ಪೋರ್ಟರ್ (1906) ತೋರಿಸಿದ ತತ್ತ್ವವಿದು. 1964ರಲ್ಲಿ ವ್ಯಾಂಡರ್ ಲಗ್ಟ್ ಇದೇ ಜಾಗದಲ್ಲಿ ಹೊಲೊಗ್ರಾಮ್ ಮಾದರಿಯ ಶೋಧಕವಿಟ್ಟು ಆಕೃತಿಗಳನ್ನು ಗುರುತಿಸುವ ವಿಧಾನವನ್ನು ಪ್ರಕಟಿಸಿದರು. ರಾಜಾಜಿನಗರಕ್ಕೆ ಹತ್ತಿರದ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ರಾಮನ್ ಮತ್ತು ನಾಗೇಂದ್ರನಾಥ್ 1935–36ರಲ್ಲಿ, ಶಬ್ದದ ಅಲೆಗಳೂ ಬೆಳಕಿಗೆ ಇಂಥ ಜಾಲರಿಯಾಗುವುದನ್ನು ವಿವರಿಸಿದರು. ಈ ಪರಿಣಾಮವನ್ನು ಬಳಸುವ ಸಾಧನಗಳು ಮುಂದೆ ದ್ಯುತಿ ಗಣನೆಗೂ ಒದಗಿದವು.

ಮೌಲ್ಯಮಾಪನ: ಎಳೆಗಳು ಇನ್ನೂ ಒತ್ತಾದರೆ ಚುಕ್ಕೆಗಳು ಹತ್ತಿರವಾಗುತ್ತವೆಯೇ, ದೂರವಾಗುತ್ತವೆಯೇ? 'ಹತ್ತಿರ' ಎಂದವರನ್ನು ಕೂಡಲೇ ತಿದ್ದಬೇಡಿ. ಸೂತ್ರ ಬಳಸಲಿ, ಬೇರೆ ಬಟ್ಟೆ ಹಿಡಿದು ನೋಡಲಿ. ಉತ್ತರವನ್ನು ಗೋಡೆಯೇ ಹೇಳಲಿ.