ಊರೂರಿಗೆ ಸಿಪಿಆರ್ ತರಬೇತಿ: ಹಣ ಹೊಂದಿಸುವುದು ಹೇಗೆ?

ಹೃದಯ ಹಠಾತ್ತನೆ ನಿಂತವರಿಗೆ ಸಿಪಿಆರ್ (ಎದೆ ಒತ್ತಿ ರಕ್ತ ಸಂಚಾರ ಉಳಿಸುವ ತುರ್ತು ಆರೈಕೆ) ಸಿಗದೆ ಹೋದರೆ, ಪ್ರತಿ ನಿಮಿಷಕ್ಕೂ ಬದುಕುಳಿಯುವ ಸಾಧ್ಯತೆ ಶೇ 7ರಿಂದ 10ರಷ್ಟು ಕುಗ್ಗುತ್ತದೆ. ಪುನೀತ್ ರಾಜ್‌ಕುಮಾರ್ ಹೃದಯ ಜ್ಯೋತಿ ಯೋಜನೆಯಡಿ ಸರ್ಕಾರಿ ಆಸ್ಪತ್ರೆಗಳಲ್ಲಿ ಹೃದಯಾಘಾತವಾದವರಿಗೆ ರಕ್ತದ ಹೆಪ್ಪು ಕರಗಿಸುವ ಚುಚ್ಚುಮದ್ದು ಉಚಿತವಾಗಿ ದೊರೆಯುತ್ತದೆ. ಆದರೆ ಅದರ ಪ್ರಯೋಜನ ಉಸಿರಿರುವಾಗಲೇ ಆಸ್ಪತ್ರೆ ಸೇರಿದವರಿಗಷ್ಟೆ. 108 ಆಂಬುಲೆನ್ಸ್ ಬರುವವರೆಗೆ ಜೀವ ಹಿಡಿದಿಡಬೇಕಾದವರು ಅಕ್ಕಪಕ್ಕದಲ್ಲಿರುವವರೇ. ಮಂಡ್ಯ ಜಿಲ್ಲೆಯ ನಾಲ್ಕು ತಾಲ್ಲೂಕುಗಳ ಸಂಘಗಳು ಅವರಿಗೆ ಸಿಪಿಆರ್ ಕಲಿಸುವ ತರಬೇತಿಗೆ ಹಣ ಹೊಂದಿಸುವ ಕ್ರಮ ಇಲ್ಲಿದೆ.

1. ಯಾರಿಗೆ ಕಲಿಸಬೇಕೆಂದು ನಿರ್ಧರಿಸುವುದು
ಶ್ರೀರಂಗಪಟ್ಟಣದಲ್ಲಿ ಕಾವೇರಿ ಸ್ನಾನಘಟ್ಟಗಳ ಅಂಗಡಿಯವರು, ಪಾಂಡವಪುರ ತಾಲ್ಲೂಕಿನಲ್ಲಿ ಮೇಲುಕೋಟೆಯ ವೈರಮುಡಿ ಉತ್ಸವದ ಸ್ವಯಂಸೇವಕರು, ಕೆ.ಆರ್. ಪೇಟೆಯಲ್ಲಿ ಹಾಲು ಉತ್ಪಾದಕರ ಸಂಘಗಳ ಸದಸ್ಯರು, ನಾಗಮಂಗಲ ತಾಲ್ಲೂಕಿನಲ್ಲಿ ಬೆಳ್ಳೂರು ಕ್ರಾಸ್‌ನ ಚಾಲಕರು ಹಾಗೂ ಹೋಟೆಲ್ ಕೆಲಸಗಾರರು ಮೊದಲ ತಂಡಗಳಾಗಬಹುದು.

2. ತರಬೇತುದಾರರ ಒಪ್ಪಿಗೆ ಪಡೆಯುವುದು
ಬಿ.ಜಿ. ನಗರದ ಆದಿಚುಂಚನಗಿರಿ ವೈದ್ಯಕೀಯ ಕಾಲೇಜು, ಮಂಡ್ಯದ ಮಿಮ್ಸ್ (ಸರ್ಕಾರಿ ವೈದ್ಯಕೀಯ ಕಾಲೇಜು) ಅಥವಾ ರೆಡ್‌ಕ್ರಾಸ್ ಸಂಸ್ಥೆಯನ್ನು ಲಿಖಿತವಾಗಿ ಕೋರಬೇಕು. ಒಪ್ಪಿಗೆ ಪತ್ರ ಕೈಯಲ್ಲಿದ್ದರೆ ದಾನಿಗಳಿಗೆ ನಂಬಿಕೆ ಬರುತ್ತದೆ.

3. ಅಂದಾಜು ಪಟ್ಟಿ ತಯಾರಿಸುವುದು
ಸಿಪಿಆರ್ ಕೇಳಿ ಕಲಿಯುವ ವಿದ್ಯೆಯಲ್ಲ. ಮಂಡಿಯೂರಿ ಕುಳಿತು, ಅಂಗೈ ಬುಡವನ್ನು ಅಭ್ಯಾಸದ ಬೊಂಬೆಯ ಎದೆಯ ನಡುವೆ ಇಟ್ಟು, ಮೊಣಕೈ ಬಾಗಿಸದೆ 5ರಿಂದ 6 ಸೆಂ.ಮೀ. ಆಳಕ್ಕೆ, ನಿಮಿಷಕ್ಕೆ 100ರಿಂದ 120 ಸಲ ಒತ್ತಬೇಕು. ಎರಡು ನಿಮಿಷದಲ್ಲೇ ತೋಳು ಸೋಲುತ್ತದೆ; ಆಗ ಇನ್ನೊಬ್ಬರು ಮುಂದುವರಿಸಬೇಕು. ಆದ್ದರಿಂದ ಮೂವರಿಗೆ ಒಂದರಂತೆ, 30 ಜನರ ತಂಡಕ್ಕೆ 10 ಬೊಂಬೆ ಬೇಕು. ನಾಲ್ಕು ತಾಲ್ಲೂಕುಗಳು ಸೇರಿ ಒಂದೇ ಸೆಟ್ ಕೊಂಡು ಸರದಿಯಲ್ಲಿ ಬಳಸಿದರೆ ಖರ್ಚು ಹಂಚಿಹೋಗುತ್ತದೆ. ನೀರಿನಲ್ಲಿ ಮುಳುಗಿದವರಿಗೆ ಬಾಯಿಯಿಂದ ಉಸಿರು ಕೊಡುವುದೂ ಅಗತ್ಯ; ನದಿ ತೀರದ ತಂಡಗಳ ಪಟ್ಟಿಯಲ್ಲಿ ಅದಕ್ಕೆ ಬೇಕಾದ ಮಾಸ್ಕ್ ಸೇರಿಸಬೇಕು. ಅಭ್ಯಾಸದ ಎಇಡಿ (ಹೃದಯಕ್ಕೆ ಶಾಕ್ ಕೊಡುವ ಯಂತ್ರ), ತರಬೇತುದಾರರ ಪ್ರಯಾಣ ವೆಚ್ಚ, ಊಟೋಪಚಾರ ಉಳಿದ ಬಾಬ್ತುಗಳು.

4. ಹಣದ ಮೂಲ ಹುಡುಕುವುದು
ಮೊದಲು ಊರಿನಲ್ಲೇ ಕೇಳಬೇಕು: ಸಹಕಾರ ಸಂಘಗಳು, ವರ್ತಕರು, ರೋಟರಿ ಮತ್ತು ಲಯನ್ಸ್ ಕ್ಲಬ್‌ಗಳು. ದೊಡ್ಡ ಮೊತ್ತಕ್ಕೆ ಕಂಪನಿಗಳ ಸಾಮಾಜಿಕ ಹೊಣೆಗಾರಿಕೆ (ಸಿಎಸ್‌ಆರ್) ನಿಧಿ ಇದೆ. 2013ರ ಕಂಪನಿ ಕಾಯ್ದೆಯ 135ನೇ ಸೆಕ್ಷನ್ ಪ್ರಕಾರ, ಅದರ ವ್ಯಾಪ್ತಿಗೆ ಬರುವ ಕಂಪನಿಗಳು ಹಿಂದಿನ ಮೂರು ವರ್ಷಗಳ ಸರಾಸರಿ ನಿವ್ವಳ ಲಾಭದ ಕನಿಷ್ಠ ಶೇ 2ರಷ್ಟನ್ನು ಸಮಾಜಕ್ಕಾಗಿ ಖರ್ಚು ಮಾಡಬೇಕು. ಆರೋಗ್ಯವೂ ಅದರಲ್ಲಿ ಸೇರಿದೆ. ಈ ಹಣ ಪಡೆಯುವ ಸಂಸ್ಥೆಗೆ ಆದಾಯ ತೆರಿಗೆಯ 12ಎ, 80ಜಿ ಮತ್ತು ಸಿಎಸ್‌ಆರ್-1 ನೋಂದಣಿ ಇರಬೇಕು. ಇವು ಇಲ್ಲದ ಸಣ್ಣ ಸಂಘಗಳು ನೋಂದಾಯಿತ ಟ್ರಸ್ಟ್ ಜೊತೆಗೂಡಿ ಅರ್ಜಿ ಹಾಕಬಹುದು.

5. ಎಇಡಿ ಕೊಳ್ಳುವುದು
ಎದೆಗೆ ಪ್ಯಾಡ್ ಅಂಟಿಸಿದರೆ ಈ ಯಂತ್ರವೇ ಹೃದಯದ ಲಯ ಪರೀಕ್ಷಿಸಿ, ಶಾಕ್ ಬೇಕೇ ಎಂದು ಧ್ವನಿಯಲ್ಲಿ ತಿಳಿಸುತ್ತದೆ. ಪ್ಯಾಡ್ ಮತ್ತು ಬ್ಯಾಟರಿಗೆ ಅವಧಿ ಇರುವುದರಿಂದ, ಬದಲಿಸುವ ವೆಚ್ಚವನ್ನು ಮೊದಲೇ ಎತ್ತಿಡಬೇಕು. ಬೀಗ ಹಾಕಿದ ಕಚೇರಿಯಲ್ಲಿಟ್ಟ ಯಂತ್ರದಿಂದ ಉಪಯೋಗವಿಲ್ಲ. ಹಗಲಿರುಳು ಕೈಗೆ ಸಿಗುವ ಜಾಗ ಮತ್ತು ನೋಡಿಕೊಳ್ಳುವ ಒಬ್ಬರು ಗೊತ್ತಾದ ಮೇಲೆಯೇ ಕೊಳ್ಳಬೇಕು. ಹಣ ಸಾಲದಿದ್ದರೆ ತರಬೇತಿಗೇ ಆದ್ಯತೆ.

6. ಲೆಕ್ಕ ಮತ್ತು ಮರುತರಬೇತಿ
ರಸೀದಿ, ಹಾಜರಿ ಪಟ್ಟಿ, ಫೋಟೊ ಸಹಿತ ವರದಿಯನ್ನು ದಾನಿಗಳಿಗೆ ಕೊಡಬೇಕು. ಕಲಿತ ಕೌಶಲ ಕೆಲವೇ ತಿಂಗಳಲ್ಲಿ ಮಸುಕಾಗುವುದರಿಂದ, ವರ್ಷಕ್ಕೊಮ್ಮೆಯಾದರೂ ಮರುಅಭ್ಯಾಸ ನಡೆಸಲು ಬೇಕಾದ ಹಣವನ್ನು ಮೊದಲ ಅರ್ಜಿಯಲ್ಲೇ ಸೇರಿಸಬೇಕು.