ಕೆಚ್ಚಲು ಬಾವು ಮತ್ತು ಬಿಳಿ ರಕ್ತಕಣಗಳು

ಹಸುವಿನ ಕೆಚ್ಚಲು ಕೆಂಪಾಗಿ, ಬಿಸಿಯಾಗಿ, ಊದಿಕೊಂಡು, ಹಾಲಿನಲ್ಲಿ ಗರಣೆಗಳು ಕಂಡರೆ ಅದು ಕೆಚ್ಚಲು ಬಾವು. ಇದು ರೋಗಾಣುಗಳ ಕೆಲಸ ಮಾತ್ರವಲ್ಲ. ಅವುಗಳೊಡನೆ ಹಸುವಿನ ದೇಹ ನಡೆಸುವ ಹೋರಾಟದ ಗುರುತೂ ಹೌದು. ಈ ಹೋರಾಟದ ರೀತಿ ತಿಳಿದರೆ ಚಿಕಿತ್ಸೆಗೆ ಏಕೆ ತಡಮಾಡಬಾರದು, ಗಬ್ಬದ ಹಸುವಿಗೆ ಹಸಿರು ಮೇವು ಏಕೆ ಬೇಕು ಎಂಬುದು ಸ್ಪಷ್ಟವಾಗುತ್ತದೆ.

ಬಿಳಿಕಣಗಳ ಆಯುಧ

ಮೊಲೆತೊಟ್ಟಿನ ರಂಧ್ರದಿಂದ ರೋಗಾಣುಗಳು ಒಳಸೇರಿದಾಗ ನ್ಯೂಟ್ರೋಫಿಲ್ ಎಂಬ ಬಿಳಿಕಣಗಳು ರಕ್ತನಾಳಗಳಿಂದ ಹೊರಬಂದು ಕೆಚ್ಚಲನ್ನು ಸೇರುತ್ತವೆ. ಆರೋಗ್ಯವಂತ ಕೆಚ್ಚಲಿನ ಒಂದು ಮಿಲಿಲೀಟರ್ ಹಾಲಿನಲ್ಲಿ ಜೀವಕಣಗಳು ಸಾಮಾನ್ಯವಾಗಿ 1 ಲಕ್ಷಕ್ಕಿಂತ ಕಡಿಮೆ; 2 ಲಕ್ಷ ಮೀರಿದರೆ ಸೋಂಕನ್ನು ಸಂಶಯಿಸಬೇಕು.

ರೋಗಾಣುವನ್ನು ನುಂಗಿದ ಬಿಳಿಕಣ ಒಮ್ಮೆಲೇ ಹಲವು ಪಟ್ಟು ಹೆಚ್ಚು ಆಮ್ಲಜನಕವನ್ನು ಬಳಸುತ್ತದೆ. ಅದರ ಪೊರೆಯಲ್ಲಿರುವ ಕಿಣ್ವವೊಂದು ಈ ಆಮ್ಲಜನಕದಿಂದ ಸೂಪರಾಕ್ಸೈಡ್ ಎಂಬ ತೀವ್ರ ಕ್ರಿಯಾಶೀಲ ವಸ್ತುವನ್ನು ತಯಾರಿಸುತ್ತದೆ. ಬಿಳಿಕಣಗಳು ಇದನ್ನು ಉತ್ಪಾದಿಸುತ್ತವೆಂದು 1973ರಲ್ಲಿ ಅಮೆರಿಕದ ಬರ್ನಾರ್ಡ್ ಬೇಬಿಯರ್ ಮತ್ತು ಸಂಗಡಿಗರು ತೋರಿಸಿದರು. ಸೂಪರಾಕ್ಸೈಡ್ ಮುಂದೆ ಹೈಡ್ರೋಜನ್ ಪೆರಾಕ್ಸೈಡ್ ಆಗುತ್ತದೆ. ಇನ್ನೊಂದು ಕಿಣ್ವ ಅದರಿಂದಲೂ ಉಪ್ಪಿನಲ್ಲಿರುವ ಕ್ಲೋರೈಡಿನಿಂದಲೂ ಹೈಪೋಕ್ಲೋರಸ್ ಆಮ್ಲವನ್ನು ಮಾಡುತ್ತದೆ. ಕುಡಿಯುವ ನೀರಿಗೆ ಬ್ಲೀಚಿಂಗ್ ಪುಡಿ ಹಾಕಿದಾಗ ರೋಗಾಣುಗಳನ್ನು ಕೊಲ್ಲುವುದೂ ಈ ಆಮ್ಲವೇ.

ಹಾನಿಯೂ ಉಂಟು

ಈ ವಸ್ತುಗಳಿಗೆ ತನ್ನವರು, ಪರರು ಎಂಬ ಭೇದವಿಲ್ಲ. ಹೊರಚೆಲ್ಲಿದಾಗ ಹಾಲು ತಯಾರಿಸುವ ಜೀವಕಣಗಳನ್ನೂ ಸುಡುತ್ತವೆ. ಹೋರಾಟ ಬಹುಕಾಲ ನಡೆದರೆ ಆ ಜಾಗದಲ್ಲಿ ನಾರಿನಂಥ ಅಂಗಾಂಶ ಬೆಳೆದು ಕೆಚ್ಚಲಿನ ಆ ಭಾಗ ಗಟ್ಟಿಯಾಗುತ್ತದೆ. ಮುಂದೆ ರೋಗ ವಾಸಿಯಾದರೂ ಕಳೆದ ಹಾಲು ಪೂರ್ತಿಯಾಗಿ ಮರಳುವುದಿಲ್ಲ.

ಮೇವಿನಿಂದ ರಕ್ಷಣೆ

‘ಇ’ ಜೀವಸತ್ವವು ಜೀವಕಣಗಳ ಪೊರೆಯನ್ನು ಈ ಹಾನಿಯಿಂದ ಕಾಪಾಡುತ್ತದೆ. ಪೆರಾಕ್ಸೈಡನ್ನು ನಿರಪಾಯಗೊಳಿಸುವ ಕಿಣ್ವವೊಂದಕ್ಕೆ ಸೆಲೆನಿಯಂ ಬೇಕು. ಹಸಿರು ಮೇವಿನಲ್ಲಿ ‘ಇ’ ಜೀವಸತ್ವ ಹೇರಳ. ಒಣಗಿದ ಭತ್ತದ ಹುಲ್ಲಿನಲ್ಲಿ ಬಹಳ ಕಡಿಮೆ. ಕರು ಹಾಕುವ ಆಸುಪಾಸಿನಲ್ಲಿ ರಕ್ತದಲ್ಲಿ ಈ ಜೀವಸತ್ವ ಇಳಿಯುವುದರಿಂದ ಆಗ ಕುದುರೆಮಸಾಲೆ ಸೊಪ್ಪು, ಹಸಿ ಜೋಳದಂಥ ಮೇವನ್ನು ತಪ್ಪದೆ ಒದಗಿಸಬೇಕು. ಸೆಲೆನಿಯಂ ಹೆಚ್ಚಾದರೆ ವಿಷ. ಪಶುವೈದ್ಯರ ಸಲಹೆಯಿಲ್ಲದೆ ಕೊಡಬಾರದು.

ನೆನಪಿಡಬೇಕಾದ ಅಂಶಗಳು

1. ಪ್ರತಿದಿನ ಮೊದಲ ಕೆಲವು ಧಾರೆಗಳನ್ನು ಕಪ್ಪು ತಟ್ಟೆಗೆ ಕರೆದು ಗರಣೆಯಿದೆಯೇ ಎಂದು ನೋಡಬೇಕು.

2. ಬಾವು ಕಂಡ ದಿನವೇ ಪಶುವೈದ್ಯರಿಗೆ ತೋರಿಸಬೇಕು.

3. ರೋಗದ ಹಸುವನ್ನು ಕೊನೆಯಲ್ಲಿ ಕರೆಯಬೇಕು.

4. ಔಷಧಿ ಕೊಟ್ಟ ಹಸುವಿನ ಹಾಲನ್ನು ವೈದ್ಯರು ಹೇಳಿದಷ್ಟು ದಿನ ಬಳಸಬಾರದು, ಮಾರಲೂಬಾರದು.